ಕಸದ ಘಟಕಕ್ಕೆ ಹಿಂಬಾಗಿಲು ಎಲ್ಲಿದೆ?

ಪ್ರಶ್ನೆ: ನಮ್ಮದು ಅರೆಮಲೆನಾಡಿನ ಒಂದು ಪುರಸಭೆ, ಜನಸಂಖ್ಯೆ ಸುಮಾರು 45,000. ಮೂವತ್ತು ವರ್ಷಗಳಿಂದ ಕೆರೆಯ ಮೇಲಿನ ದಿಬ್ಬದಲ್ಲಿ ಕಸ ಸುರಿಯುತ್ತಿದ್ದೇವೆ. ಅಲ್ಲಿ ಇನ್ನು ಜಾಗವಿಲ್ಲ, ಬೇಸಿಗೆ ಬಂದರೆ ಬೆಂಕಿ ಬೀಳುತ್ತದೆ. ಪಟ್ಟಣದಿಂದ ಆರು ಕಿಲೋಮೀಟರ್ ದೂರದ ಹಳ್ಳಿಯ ಗೋಮಾಳದಲ್ಲಿ ಐದು ಎಕರೆ ಗುರುತಿಸಿದ್ದಾರೆ. ಕಸದಿಂದ ವಿದ್ಯುತ್ ಮಾಡುತ್ತೇವೆ ಎಂದು ಒಂದು ಕಂಪನಿ, ಗ್ಯಾಸ್ ಮಾಡುತ್ತೇವೆ ಎಂದು ಇನ್ನೊಂದು ಕಂಪನಿ ಬಂದಿವೆ. ಹಳ್ಳಿಯವರು ರಸ್ತೆಗೆ ಅಡ್ಡ ಕುಳಿತಿದ್ದಾರೆ. ಪುರಸಭೆಯ ಸದಸ್ಯೆಯಾಗಿ ಮುಂದಿನ ಸಾಮಾನ್ಯ ಸಭೆಯಲ್ಲಿ ನಾನು ಏನು ಕೇಳಬೇಕು? ಯಾವ ಯಂತ್ರಕ್ಕೆ ಕೈ ಎತ್ತಬೇಕು?

ಉತ್ತರ: ಯಂತ್ರದ ಮಾತು ಆಮೇಲೆ ಬರಲಿ. ಮೊದಲು ಇದನ್ನು ಕೇಳಿ: ಈ ಘಟಕದ ಹಿಂಬಾಗಿಲಿನಿಂದ ದಿನಕ್ಕೆ ಎಷ್ಟು ಟನ್ ಏನು ಹೊರಗೆ ಹೋಗುತ್ತದೆ, ಅದನ್ನು ಯಾರು ಒಯ್ಯುತ್ತಾರೆ, ಹಣ ಯಾರು ಯಾರಿಗೆ ಕೊಡುತ್ತಾರೆ? ಮುಂಬಾಗಿಲಿನ ಚಿಂತೆ ಬೇಡ. ಕಸ ಹೇಗಿದ್ದರೂ ಬಂದೇ ಬರುತ್ತದೆ, ಭಾನುವಾರವೂ ಬರುತ್ತದೆ. ಹಿಂಬಾಗಿಲು ನಿಂತುಹೋದ ಘಟಕ ಆರು ತಿಂಗಳಲ್ಲಿ ಕಸದ ಗುಡ್ಡವಾಗುತ್ತದೆ. ಕಾಂಪೌಂಡ್ ಗೋಡೆ, ಫಲಕ ಮತ್ತು ಒಂದು ತುಕ್ಕು ಹಿಡಿದ ಜರಡಿ ಮಾತ್ರ ಅದನ್ನು ಹಳೆಯ ಗುಡ್ಡದಿಂದ ಬೇರೆ ಮಾಡುತ್ತವೆ. ನಾನು ನೋಡಿದ ಸೋತ ಘಟಕಗಳಲ್ಲಿ ಹೆಚ್ಚಿನವು ಹೀಗೆಯೇ ಸೋತವು.

ಬೆಂಗಳೂರಿನ ಕಥೆ ನಿಮಗೆ ಗೊತ್ತಿರುತ್ತದೆ. ಮಾವಳ್ಳಿಪುರದ ಜನ ತಡೆದು 2012ರಲ್ಲಿ ಅಲ್ಲಿನ ಗುಂಡಿ ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ಕೊಳೆಯಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಮಂಡೂರಿನಲ್ಲಿ ಕಸದಿಂದ ವಿದ್ಯುತ್ ತಯಾರಾಗಬೇಕಿತ್ತು. ವಿದ್ಯುತ್ ಬರಲಿಲ್ಲ, ಕಸ ಮಾತ್ರ ಬಂತು. 2014ರ ಡಿಸೆಂಬರ್‌ನಲ್ಲಿ ಅದೂ ಮುಚ್ಚಿತು. ಆಗ ಕನ್ನಹಳ್ಳಿ, ಸೀಗೇಹಳ್ಳಿ, ಲಿಂಗಧೀರನಹಳ್ಳಿ, ಚಿಕ್ಕನಾಗಮಂಗಲ ಮುಂತಾದ ಕಡೆ ಸಂಸ್ಕರಣಾ ಘಟಕಗಳನ್ನು ತರಾತುರಿಯಲ್ಲಿ ಎಬ್ಬಿಸಿದರು. ಯೋಚನೆ ಸರಿಯಾಗಿಯೇ ಇತ್ತು: ಒಂದೇ ಹಳ್ಳಿಯ ತಲೆಯ ಮೇಲೆ ಎಲ್ಲವನ್ನೂ ಸುರಿಯುವ ಬದಲು ಹಲವು ಕಡೆ ಗೊಬ್ಬರ ಮಾಡುವುದು. ಆದರೆ ಬಂದ ಲಾರಿಗಳಲ್ಲಿ ಹಸಿ ಕಸ ಹಸಿಯಾಗಿ ಇರಲಿಲ್ಲ, ಎಲ್ಲವೂ ಬೆರೆತಿತ್ತು. ಸುತ್ತಲಿನ ಬಡಾವಣೆಗಳ ಜನ ಮೂಗು ಮುಚ್ಚಿಕೊಂಡು ಬೀದಿಗಿಳಿದರು.

ಈಗ ನಿಮ್ಮ ಊರಿನ ಲೆಕ್ಕ ಹಾಕೋಣ. ಸಣ್ಣ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 300 ಗ್ರಾಂ ಎಂದು ಹಿಡಿದರೆ 13 ಟನ್ ದಾಟುತ್ತದೆ. ಇದರಲ್ಲಿ ಸುಮಾರು 8 ಟನ್ ಅಡುಗೆಮನೆಯ, ಸಂತೆಯ, ಹೋಟೆಲುಗಳ ಹಸಿ ಕಸ. ಮೂರು ಟನ್ನಿನಷ್ಟು ಕಾಗದ, ಪ್ಲಾಸ್ಟಿಕ್, ಬಟ್ಟೆ, ಗಾಜು, ತಗಡು. ಉಳಿದದ್ದು ಬೀದಿ ಗುಡಿಸಿದ ಮಣ್ಣು, ಚರಂಡಿಯ ಹೂಳು, ಡೈಪರ್ ಮತ್ತು ಸ್ಯಾನಿಟರಿ ಪ್ಯಾಡುಗಳು. ಇದು ನನ್ನ ಅಂದಾಜು ಅಷ್ಟೆ, ಇದನ್ನು ಸಭೆಯಲ್ಲಿ ಓದಬೇಡಿ. ನಿಮ್ಮ ಊರಿನ ಕಸವನ್ನು ಒಂದು ವಾರ ಪೂರ್ತಿ, ಸಂತೆಯ ದಿನವೂ ಸೇರಿದಂತೆ ತೂಗಿಸಿ, ಹರಡಿ, ಬೇರ್ಪಡಿಸಿ ಬರೆಸಿ. ಮದುವೆಗಳ ಕಾಲದಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು. ಇದನ್ನು ಮಾಡದೆ ಬರೆದ ವಿಸ್ತೃತ ಯೋಜನಾ ವರದಿ ಬೇರೊಂದು ಊರಿನ ವರದಿಯ ಮೇಲೆ ನಿಮ್ಮ ಊರಿನ ಹೆಸರು ಅಂಟಿಸಿದ್ದಾಗಿರುತ್ತದೆ. ಉತ್ಪ್ರೇಕ್ಷೆ ಎನಿಸಿದರೆ ವರದಿಯ ಒಳಪುಟಗಳನ್ನು ಓದಿ. ಹಿಂದಿನ ಊರಿನ ಹೆಸರು ಅಲ್ಲೊಂದು ಇಲ್ಲೊಂದು ಅಳಿಸದೆ ಉಳಿದದ್ದನ್ನು ನಾನೇ ಕಂಡಿದ್ದೇನೆ.

ವಿದ್ಯುತ್ ಕಂಪನಿಯ ವಿಷಯವನ್ನು ಬೇಗ ಮುಗಿಸಿಬಿಡೋಣ. ನಮ್ಮ ಅಡುಗೆಮನೆಯ ಕಸದಲ್ಲಿ ಮುಕ್ಕಾಲು ಪಾಲಿನ ತನಕ ನೀರು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 600 ಕಿಲೋಕ್ಯಾಲರಿ ಶಾಖ ಬೇಕು. ಕಸದಲ್ಲಿರುವ ಅಲ್ಪ ಶಾಖವೆಲ್ಲ ಅದರದೇ ನೀರನ್ನು ಒಣಗಿಸಲು ಖರ್ಚಾಗುತ್ತದೆ. ಹಸಿ ಸೌದೆ ಇಟ್ಟು ಒಲೆ ಊದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ನೆರವಿನಿಂದ ದಿನಕ್ಕೆ 300 ಟನ್ ಸುಡುವ ಸ್ಥಾವರ ಕಟ್ಟಿದರು. ಕಿಲೋಗೆ 1,400 ಕಿಲೋಕ್ಯಾಲರಿಗೂ ಮೇಲ್ಪಟ್ಟ ಶಾಖವಿರುವ ಕಸ ಬರುತ್ತದೆಂದು ಅದನ್ನು ವಿನ್ಯಾಸ ಮಾಡಿದ್ದರು. ಬಂದ ಕಸದಲ್ಲಿ ಅದರ ಅರ್ಧದಷ್ಟೇ ಶಾಖವಿತ್ತು. ಕೆಲವೇ ವಾರಗಳಲ್ಲಿ ಸ್ಥಾವರ ನಿಂತಿತು. ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ ಕಟ್ಟಿದ ಸ್ಥಾವರ 11.5 ಮೆಗಾವಾಟ್‌ನದು, ಅದಕ್ಕೆ ದಿನಕ್ಕೆ 600 ಟನ್ ಕಸ ಬೇಕು. ನಿಮ್ಮಲ್ಲಿ ಸುಡಬಹುದಾದ ಒಣ ಕಸ, ಗುಜರಿಗೆ ಹೋಗುವುದನ್ನು ಕಳೆದರೆ, ಎರಡು ಟನ್ ಉಳಿದರೆ ಹೆಚ್ಚು. ಎರಡು ಟನ್ನಿಗೆ ಹೊಗೆ ಶುದ್ಧ ಮಾಡುವ ಯಂತ್ರ ಇಡುವವರು ಯಾರೂ ಇಲ್ಲ. ಇಡದೆ ಸುಟ್ಟರೆ ಅದು ಈಗ ನಿಮ್ಮ ದಿಬ್ಬದಲ್ಲಿ ಬೇಸಿಗೆಯಲ್ಲಿ ನಡೆಯುವುದೇ, ಚಿಮಣಿಯ ಸಮೇತ. ಈ ಪ್ರಸ್ತಾವಕ್ಕೆ ಕೈ ಎತ್ತಬೇಡಿ.

ಗ್ಯಾಸ್ ಕಂಪನಿಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾರೆ. ವಿಜ್ಞಾನದ ಮಟ್ಟಿಗೆ ಹಸಿ ಕಸಕ್ಕೆ ಅದು ತಕ್ಕ ದಾರಿ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಆರಂಭವಾದ ಘಟಕಕ್ಕೆ ದಿನಕ್ಕೆ 550 ಟನ್ ಹಸಿ ಕಸ ಅರಗಿಸಿ 17,000 ಕಿಲೋ ಅನಿಲ ಕೊಡುವ ಸಾಮರ್ಥ್ಯವಿದೆ. ಆ ಅನಿಲದಿಂದ ನಗರದ ಬಸ್‌ಗಳು ಓಡುತ್ತವೆ. ಅದೇ ಲೆಕ್ಕದಲ್ಲಿ ನಿಮ್ಮ 8 ಟನ್ನಿಗೆ 250 ಕಿಲೋ ಸಿಗಬಹುದು. ಅಷ್ಟಕ್ಕೆ ಶುದ್ಧೀಕರಿಸಿ, ಸಿಲಿಂಡರಿಗೆ ತುಂಬಿ, ಪರವಾನಗಿ ಪಡೆದು ಮಾರುವ ವ್ಯವಸ್ಥೆ ಕಟ್ಟಿದರೆ ಬಾಲಕ್ಕಿಂತ ಬಾಲದ ಕೂದಲೇ ಭಾರವಾಗುತ್ತದೆ. ಇನ್ನೊಂದು ಮಾತು. ಇಂದೋರಿನವರು ಘಟಕ ಕಟ್ಟಿದ ಮೇಲೆ ಕಸ ಬೇರ್ಪಡಿಸಲು ಕಲಿಯಲಿಲ್ಲ. ಮನೆಬಾಗಿಲಲ್ಲಿ ಬೇರ್ಪಡಿಸುವುದನ್ನು ವರ್ಷಗಟ್ಟಲೆ ರೂಢಿ ಮಾಡಿದ ಮೇಲೆ ಘಟಕ ಬಂತು. ಲಖನೌ ಈ ಕ್ರಮವನ್ನು ತಿರುವುಮುರುವು ಮಾಡಿತು. ಸುಮಾರು 2003ರಲ್ಲಿ ಅಲ್ಲಿ ಕಟ್ಟಿದ ಐದು ಮೆಗಾವಾಟ್‌ನ ಅನಿಲ ಸ್ಥಾವರ ಬೆರಕೆ ಕಸವನ್ನು ಅರಗಿಸಲಾರದೆ ಬಹುಬೇಗ ಮುಚ್ಚಿತು. ಅನಿಲದ ತೊಟ್ಟಿ ದನದ ಹೊಟ್ಟೆಯಂತೆ. ಸಿಪ್ಪೆ, ಅನ್ನ, ಸೊಪ್ಪು ಹಾಕಿದರೆ ಮೆಲ್ಲಗೆ ಅರಗಿಸುತ್ತದೆ. ಮರಳು, ಪ್ಲಾಸ್ಟಿಕ್ ಹೋದರೆ ಹೊಟ್ಟೆ ಕಟ್ಟುತ್ತದೆ, ಆಮೇಲೆ ಯಾವ ವೈದ್ಯನೂ ಇಲ್ಲ.

ನಿಮ್ಮಲ್ಲಿ ಅನಿಲಕ್ಕೆ ಒಂದು ಸಣ್ಣ ಜಾಗವಿದೆ. ಸಂತೆಯ ತರಕಾರಿ ಕಸ, ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಊಟದ ಕಸ, ಇವೆಲ್ಲ ಒಂದೇ ಕಡೆ ಸಿಗುತ್ತವೆ, ಹೆಚ್ಚು ಬೆರೆತಿರುವುದಿಲ್ಲ. ಒಂದು ಟನ್ನಿನ ತೊಟ್ಟಿ ಇಟ್ಟು ಬಂದ ಅನಿಲವನ್ನು ಪಕ್ಕದ ಹಾಸ್ಟೆಲಿನ ಅಡುಗೆಮನೆಗೆ ಕೊಡಬಹುದು. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವವರು ತಮ್ಮ ಹಸಿ ಕಸವನ್ನು ಸಾಧ್ಯವಿದ್ದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಕಲ್ಯಾಣ ಮಂಟಪದ ಪರವಾನಗಿ ನವೀಕರಣದ ಹೊತ್ತಿಗೆ ಈ ಷರತ್ತನ್ನು ನೆನಪಿಸಿದರೆ ನಿಮ್ಮ ಘಟಕದ ಹೊರೆ ಒಂದು ಟನ್ ಇಳಿಯುತ್ತದೆ. ಮಂಟಪದ ಮಾಲೀಕರು ಯಾರ ಬಂಧುಗಳು ಎಂಬ ಪ್ರಶ್ನೆ ಆಗ ಏಳುತ್ತದೆ. ಅದು ನನ್ನ ಪರಿಣತಿಯ ವ್ಯಾಪ್ತಿಗೆ ಬರುವುದಿಲ್ಲ.

ಉಳಿದ ಹಸಿ ಕಸಕ್ಕೆ ನನ್ನ ಉತ್ತರ ಹಳೆಯದು: ಚಾವಣಿಯ ಕೆಳಗೆ, ಕಾಂಕ್ರೀಟ್ ನೆಲದ ಮೇಲೆ, ಸಾಲು ರಾಶಿಗಳಲ್ಲಿ ಗೊಬ್ಬರ. ಇದರಲ್ಲಿ ಹೊಳೆಯುವುದೇನೂ ಇಲ್ಲದ ಕಾರಣ ಉದ್ಘಾಟನೆಗೆ ಯಾರಿಗೂ ಉತ್ಸಾಹ ಬರುವುದಿಲ್ಲ. ಆದರೆ ಕೆಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯವನೇ ರಿಪೇರಿ ಮಾಡಬಲ್ಲ ಘಟಕವಿದು. ರಾಶಿ ಮೂರು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ ಇರಲಿ. ವಾರಕ್ಕೊಮ್ಮೆ ಮಗುಚಬೇಕು. ಮೊದಲ ದಿನಗಳಲ್ಲಿ ಒಳಗಿನ ಶಾಖ 55 ಡಿಗ್ರಿ ದಾಟಬೇಕು. ರೋಗಾಣುಗಳೂ ಕಳೆಯ ಬೀಜಗಳೂ ಸಾಯುವುದು ಆಗಲೇ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು, ಧಾರೆ ಇಳಿದರೆ ಹೆಚ್ಚು. ಹಳೆಯ ಗೊಬ್ಬರವನ್ನು ಹೊಸ ರಾಶಿಗೆ ಸ್ವಲ್ಪ ಬೆರೆಸುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದಕ್ಕಾಗಿ ಡ್ರಮ್‌ಗಟ್ಟಲೆ ‘ವಿಶೇಷ ಕಲ್ಚರ್’ ಮಾರಲು ಬರುವವರನ್ನು ಚಹಾ ಕೊಟ್ಟು ಕಳುಹಿಸಿ. ನಾಲ್ಕೈದು ವಾರ ರಾಶಿಯಲ್ಲಿ, ಇನ್ನೊಂದು ತಿಂಗಳು ಮಾಗಲು ಬಿಟ್ಟರೆ ದಿನದ 8 ಟನ್ನಿಗೆ ಎರಡು ಟನ್ನಿನ ಒಳಗೆ ಗೊಬ್ಬರ ಸಿಗುತ್ತದೆ. ಮಿಕ್ಕದ್ದು ನೀರಾವಿ ಮತ್ತು ಅನಿಲವಾಗಿ ಹೋಗಿರುತ್ತದೆ. ಇಷ್ಟಕ್ಕೆ ಒಂದು ಎಕರೆ ಸಾಕು.

ಮಳೆಗಾಲದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಘಟಕದ ಹಣೆಬರಹ ಜುಲೈ ತಿಂಗಳಲ್ಲಿ ಬರೆದಿರುತ್ತದೆ. ವಾಸನೆ ಬರುವುದು ಕಸ ಕೊಳೆಯುವುದರಿಂದಲ್ಲ, ಗಾಳಿಯಿಲ್ಲದೆ ಕೊಳೆಯುವುದರಿಂದ. ನೀರು ನಿಂತ ರಾಶಿಯಲ್ಲಿ ಗಾಳಿ ಆಡುವುದಿಲ್ಲ. ಹಸಿ ಕಸದ ಜೊತೆ ಗಾಳಿ ಹಿಡಿದಿಡುವ ಒಣ ಒರಟು ಪದಾರ್ಥ ಬೇಕೇ ಬೇಕು: ಅಡಿಕೆ ಸಿಪ್ಪೆ, ಮೆಕ್ಕೆಜೋಳದ ದಂಟು, ತರಗೆಲೆ. ನಿಮ್ಮ ಸೀಮೆಯಲ್ಲಿ ಅಡಿಕೆ ಸುಲಿದ ಮೇಲೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವವರಿದ್ದಾರಲ್ಲವೇ? ಅದನ್ನೇ ಬೇಸಿಗೆಗೆ ಮೊದಲು ತರಿಸಿ ಚಾವಣಿಯ ಕೆಳಗೆ ಒಟ್ಟಿಡಿ. ಯೋಜನಾ ವರದಿಯಲ್ಲಿ ಈ ಸಿಪ್ಪೆಯ ಗೋದಾಮಿಗೆ ಜಾಗವಿದೆಯೇ ಎಂದು ನೋಡಿ. ಇರುವುದಿಲ್ಲ ಎಂದೇ ನನ್ನ ಊಹೆ. ರಾಶಿಯಿಂದ ಇಳಿಯುವ ಕಪ್ಪು ರಸಕ್ಕೆ ಮುಚ್ಚಿದ ಕಾಲುವೆ, ತೊಟ್ಟಿ ಬೇಕು. ಚಾವಣಿಯ ಮೇಲೆ ಬಿದ್ದ ಮಳೆನೀರು ಆ ಕಾಲುವೆಗೆ ಸೇರಲೇಬಾರದು. ಎರಡು ನೀರು ಒಂದಾದರೆ ಹತ್ತು ಸಾವಿರ ಲೀಟರಿನ ತೊಟ್ಟಿ ಒಂದು ಮಳೆಗೆ ತುಂಬಿ ಹಳ್ಳಕ್ಕೆ ಹರಿಯುತ್ತದೆ, ಮರುದಿನ ಹಳ್ಳಿಯವರು ನಿಮ್ಮ ಮನೆಯ ಮುಂದೆ ನಿಂತಿರುತ್ತಾರೆ.

ಇನ್ನು ಹಿಂಬಾಗಿಲು. ಎರಡು ಟನ್ ಗೊಬ್ಬರವನ್ನು ರೈತರು ದಿನವೂ ಕೊಳ್ಳುವುದಿಲ್ಲ. ಬಿತ್ತನೆಗೆ ಮುಂಚೆ ಒಮ್ಮೆ, ತೋಟಕ್ಕೆ ಹಾಕುವಾಗ ಒಮ್ಮೆ ಕೇಳುತ್ತಾರೆ. ಐದು ತಿಂಗಳ ಗೊಬ್ಬರವನ್ನು, ಅಂದರೆ 300 ಟನ್ನನ್ನು, ನೆನೆಯದಂತೆ ಇಡುವ ಕೊಟ್ಟಿಗೆ ಬೇಕು. ಅದಕ್ಕಿಂತ ಮುಖ್ಯವಾದದ್ದು ಗಾಜಿನ ಚೂರು. ಬರಿಗಾಲಲ್ಲಿ ಗದ್ದೆಗೆ ಇಳಿಯುವ ರೈತನ ಕಾಲಿಗೆ ಒಂದು ಚೂರು ಚುಚ್ಚಿದರೆ ಸುತ್ತಲ ಹತ್ತು ಹಳ್ಳಿಗಳಲ್ಲಿ ನಿಮ್ಮ ಗೊಬ್ಬರ ಮತ್ತೆ ಮಾರಾಟವಾಗುವುದಿಲ್ಲ, ಪ್ರಯೋಗಾಲಯದ ಪ್ರಮಾಣಪತ್ರ ಎಷ್ಟೇ ಚೆನ್ನಾಗಿರಲಿ. ಕೊನೆಯ ಜರಡಿ ನಾಲ್ಕು ಮಿಲಿಮೀಟರಿನದ್ದಾಗಿರಲಿ. ಜರಡಿಯ ಮಾತು ಹೇಳುತ್ತಿದ್ದರೂ ನಿಜವಾದ ಪರಿಹಾರ ಅಲ್ಲಿಲ್ಲ. ಒಡೆದ ಗಾಜು ಹಸಿ ಕಸದ ಬುಟ್ಟಿಗೆ ಬೀಳದಂತೆ ಆಟೊ ಟಿಪ್ಪರ್ ಜೊತೆ ನಡೆಯುವ ಪೌರಕಾರ್ಮಿಕರು ಮನೆಬಾಗಿಲಲ್ಲೇ ತಡೆಯಬೇಕು. ಬೆರೆಸಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ಎನ್ನುವ ಅಧಿಕಾರ ಅವರಿಗೆ ಇರಬೇಕು. ಆ ಅಧಿಕಾರವನ್ನು ಕಾಪಾಡುವುದು ನಿಮ್ಮಂಥ ಸದಸ್ಯರ ಕೆಲಸ. ವಾರ್ಡಿನ ಯಾರೋ ಫೋನ್ ಮಾಡಿ ‘ನಮ್ಮ ಮನೆ ಕಸ ಬಿಟ್ಟು ಹೋದರು’ ಎಂದಾಗ ಕಾರ್ಮಿಕರನ್ನು ಗದರಿಸಿದರೆ ಘಟಕ ಅಲ್ಲಿಯೇ ಸತ್ತಂತೆ.

ಒಣ ಕಸದಲ್ಲಿ ಬೆಲೆ ಬಾಳುವುದು ಗುಜರಿಗೆ ಹೋಗುತ್ತದೆ. ನಿಮ್ಮ ಊರಿನಲ್ಲಿ ಚಿಂದಿ ಆಯುವ ಕುಟುಂಬಗಳಿದ್ದರೆ ಅವರಿಗಿಂತ ಚೆನ್ನಾಗಿ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವವರು ಯಾವ ಕಂಪನಿಯಲ್ಲೂ ಇಲ್ಲ. ಬೇರ್ಪಡಿಸುವ ಮೇಜಿನ ಕೆಲಸವನ್ನು ಮೊದಲು ಅವರಿಗೆ ಕೊಡಿ. ಬೆಲೆಯಿಲ್ಲದ ಚಿಪ್ಸ್ ಪೊಟ್ಟಣ, ಹರಿದ ಬಟ್ಟೆ, ಚಪ್ಪಲಿಗಳನ್ನು ಸಿಮೆಂಟ್ ಕಾರ್ಖಾನೆಗಳು ಉರುವಲಾಗಿ ತೆಗೆದುಕೊಳ್ಳುತ್ತವೆ. ಆದರೆ ನಮ್ಮ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿ ಕಲಬುರಗಿ, ಬಾಗಲಕೋಟೆ ಕಡೆ ಇವೆ. ಅಲ್ಲಿಯ ತನಕ ಲಾರಿ ಬಾಡಿಗೆ ಯಾರು ಕೊಡುತ್ತಾರೆ ಎಂಬುದು ಒಪ್ಪಂದದಲ್ಲಿ ಇರಲಿ. ಒಂದೇ ಪುರಸಭೆಯ ಕಸಕ್ಕೆ ಲಾರಿ ತುಂಬುವುದೂ ನಿಧಾನ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವಾರು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೇ ಕಡೆ ತಂದು ಬೇರ್ಪಡಿಸುವ, ದಿನಕ್ಕೆ ಹತ್ತು ಟನ್ ಸಾಮರ್ಥ್ಯದ ಕೇಂದ್ರವಿದೆ. ಸದಸ್ಯರ ‘ಅಧ್ಯಯನ ಪ್ರವಾಸ’ ಎಲ್ಲಿಗೋ ಹೋಗುವ ಬದಲು ಅಲ್ಲಿಗೆ ಹೋಗಲಿ. ಹಸಿ ಕಸ ಊರಲ್ಲೇ ಉಳಿಯಬೇಕು, ಒಣ ಕಸ ಪ್ರಯಾಣ ಮಾಡಬಹುದು. ಒಣಗಿದ್ದು ನಾರುವುದಿಲ್ಲ, ಕಾಯುತ್ತದೆ.

ಭೂಭರ್ತಿ, ಅಂದರೆ ಗುಂಡಿಗೆ ಕಸ ತುಂಬುವುದು, ಪೂರ್ತಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಬೇರ್ಪಡಿಸಿದರೂ ಮಣ್ಣು, ಪಿಂಗಾಣಿ ಚೂರು ಇತ್ಯಾದಿ ಸೇರಿ ದಿನಕ್ಕೆ ಎರಡು ಟನ್ ಉಳಿಯುತ್ತದೆ. ಅರ್ಧ ಎಕರೆಯಲ್ಲಿ ನಾಲ್ಕು ಮೀಟರ್ ಆಳದ, ತಳಕ್ಕೆ ಹಾಳೆ ಹಾಸಿದ ಗುಂಡಿ ಇದ್ದರೆ ಒಂಬತ್ತು ಹತ್ತು ವರ್ಷ ಬರುತ್ತದೆ. ಬೇರ್ಪಡಿಸುವುದು ಕೈಕೊಟ್ಟು ಅರ್ಧ ಕಸ ಅಲ್ಲಿಗೆ ಹೋದರೆ ಮೂರು ವರ್ಷ ಅಷ್ಟೆ. ಡೈಪರ್, ಪ್ಯಾಡುಗಳನ್ನು ಪ್ರತ್ಯೇಕ ಚೀಲದಲ್ಲಿ ಸಂಗ್ರಹಿಸಿ ವೈದ್ಯಕೀಯ ತ್ಯಾಜ್ಯ ಸುಡುವ ಸಾಮಾನ್ಯ ಘಟಕಕ್ಕೆ ಕಳುಹಿಸಲು ಮಾತುಕತೆ ಮಾಡಿ.

ಹಳ್ಳಿಯವರ ವಿಷಯ. ಬಹಳ ಹಿಂದೆ ಒಂದು ಊರಿನಲ್ಲಿ ಜಾಗ ಆರಿಸುವ ಸಮಿತಿಯಲ್ಲಿದ್ದಾಗ, ಅರಳಿಕಟ್ಟೆಯ ಮೇಲೆ ನಿಂತು ‘ವೈಜ್ಞಾನಿಕ ಘಟಕ, ವಾಸನೆ ಬರುವುದೇ ಇಲ್ಲ’ ಎಂದು ನಾನೇ ಹೇಳಿದ್ದೆ. ಎರಡನೆಯ ಮಳೆಗಾಲದಲ್ಲಿ ಆ ಊರಿಗೆ ಹೋಗಲು ಮುಖವಿರಲಿಲ್ಲ. ಅಂದಿನಿಂದ ಆ ಮಾತನ್ನು ಬಿಟ್ಟಿದ್ದೇನೆ. ವಾಸನೆ ಬರುತ್ತದೆ, ಕೆಲವು ದಿನ ಬರುತ್ತದೆ. ಬಂದಾಗ ಏನು ಮಾಡುತ್ತೇವೆ ಎಂಬುದನ್ನು ಮೊದಲೇ ಬರೆದು ಕೊಡಬೇಕು. ಅವರ ಅನುಮಾನವನ್ನು ಅಜ್ಞಾನ ಎಂದು ತಿಪ್ಪೆ ಸಾರಿಸಬೇಡಿ. ಮಾವಳ್ಳಿಪುರ, ಮಂಡೂರಿನ ಸುದ್ದಿ ಅವರೂ ಓದಿದ್ದಾರೆ. ಅಡಿಗಲ್ಲು ಹಾಕುವ ಮುಂಚೆಯೇ ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ಆಮೇಲೆ ಆರು ತಿಂಗಳಿಗೊಮ್ಮೆ. ಮೊದಲ ಪರೀಕ್ಷೆ ಇಲ್ಲದಿದ್ದರೆ ನಾಳೆ ನೀರು ಕೆಟ್ಟಾಗ ಕೆಡಿಸಿದವರು ಯಾರೆಂದು ತೋರಿಸಲು ಅವರಿಗೂ ಆಗದು, ಕೆಡಿಸಲಿಲ್ಲ ಎಂದು ತೋರಿಸಲು ನಿಮಗೂ ಆಗದು. ಬೇರೆ ಪಟ್ಟಣಗಳ ಕಸ ಇಲ್ಲಿಗೆ ಬರುವುದಿಲ್ಲ, ಬೆರಕೆ ಕಸದ ಲಾರಿ ಗೇಟಿನಿಂದಲೇ ವಾಪಸು, ಗೇಟಿನ ದಾಖಲೆ ಪುಸ್ತಕವನ್ನು ಹಳ್ಳಿಯ ಇಬ್ಬರು ಯಾವಾಗ ಬೇಕಾದರೂ ನೋಡಬಹುದು, ಇವು ನಿರ್ಣಯದಲ್ಲಿ ದಾಖಲಾಗಲಿ. ದಿನಕ್ಕೆ ಐದು ಟನ್ ಮೀರಿದ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಸುತ್ತ ಕಟ್ಟಡ ಕಟ್ಟಬಾರದ ನೆಲದ ಅಂಚನ್ನೂ ಗುರುತಿಸಬೇಕು. ಆ ಅಂಚನ್ನು ನಕ್ಷೆಯಲ್ಲಿ ಬಿಟ್ಟು ನೆಲದಲ್ಲಿ ಮರೆಯಬೇಡಿ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು 1975ರಲ್ಲಿ ಸ್ಥಾಪಿಸಿದಾಗ ಅದರ ಘಟಕ ಬೆಂಗಳೂರಿನ ಹೊರಗಿತ್ತು. ಘಟಕ ಎಲ್ಲಿಗೂ ಹೋಗಲಿಲ್ಲ, ಎಚ್‌ಎಸ್‌ಆರ್ ಬಡಾವಣೆಯೇ ಅದರ ಬಾಗಿಲಿಗೆ ಬಂತು, ಬಂದವರು ವಾಸನೆ ಎಂದರು.

ಒಪ್ಪಂದದಲ್ಲಿ ಒಂದೇ ಒಂದು ಸಾಲು ಬದಲಿಸಲು ಸಾಧ್ಯವಾದರೆ ಇದನ್ನು ಬದಲಿಸಿ. ಸಾಮಾನ್ಯವಾಗಿ ಒಳಗೆ ಬಂದ ಟನ್ನಿಗೆ ಇಷ್ಟು ಎಂದು ಗುತ್ತಿಗೆದಾರರಿಗೆ ಹಣ ಕೊಡುತ್ತಾರೆ. ಆಗ ಅವರಿಗೆ ಲಾಭ ತೂಕದಲ್ಲಿ. ಮಣ್ಣೂ ಮಳೆನೀರೂ ಸೇರಿದಷ್ಟು ಒಳ್ಳೆಯದು. ಅದರ ಬದಲು ಹಣದ ದೊಡ್ಡ ಪಾಲು ಹೊರಗೆ ಹೋದ ಗೊಬ್ಬರ, ಗುಜರಿ, ಉರುವಲಿನ ತೂಕಕ್ಕೆ ಸಿಗಲಿ. ಗುಂಡಿಗೆ ಹೋದದ್ದು ಮಿತಿ ಮೀರಿದರೆ ಕಡಿತವಾಗಲಿ. ಲಾರಿ ತೂಗುವ ತೂಕದ ಸೇತುವೆ ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡರ ಲೆಕ್ಕವನ್ನೂ ಇಡಲಿ. ಕಟ್ಟಡಕ್ಕೆ ಅನುದಾನ ಸಿಗುತ್ತದೆ. ಲೋಡರಿನ ಡೀಸೆಲ್, ಜರಡಿಯ ಬೆಲ್ಟ್, ಕರೆಂಟ್ ಬಿಲ್, ಕಾರ್ಮಿಕರ ಕೈಗವಸಿಗೆ ಪ್ರತಿ ತಿಂಗಳೂ ನಿಮ್ಮದೇ ಬೊಕ್ಕಸ. ಆ ತಿಂಗಳ ಖರ್ಚಿನ ಪುಟವನ್ನು ಮೊದಲು ತೆರೆಸಿ ಓದಿಸಿ.

ಹಳೆಯ ದಿಬ್ಬವನ್ನು ಮರೆಯಬೇಡಿ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆಗಳನ್ನೂ ತೆಂಗು, ಅಡಿಕೆ ತೋಟಗಳನ್ನೂ ಮುಚ್ಚಿತು. ನಿಮ್ಮದು ಕೆರೆಯ ಮೇಲಿದೆ. ಅದನ್ನು ಅಗೆದು ಜರಡಿ ಹಿಡಿದು ಖಾಲಿ ಮಾಡುವ ಕೆಲಸಕ್ಕೆ ಸ್ವಚ್ಛ ಭಾರತದ ಎರಡನೆಯ ಹಂತದಲ್ಲಿ ಹಣ ಮೀಸಲಿಟ್ಟಿದ್ದಾರೆ. ನಿಮ್ಮ ಪುರಸಭೆ ಅರ್ಜಿ ಹಾಕಿದೆಯೇ ಎಂದು ಮುಖ್ಯಾಧಿಕಾರಿಯವರನ್ನು ಕೇಳಿ. ಅಲ್ಲಿಂದ ಬರುವ ಮಣ್ಣನ್ನು ಸೀಸ, ಕ್ಯಾಡ್ಮಿಯಂಗಳಿಗೆ ಪರೀಕ್ಷಿಸದೆ ಯಾವ ತೋಟಕ್ಕೂ ಕೊಡಬೇಡಿ. ಅಗೆತ ಮುಗಿಯುವ ತನಕ ಈ ಮಳೆಗಾಲಕ್ಕೆ ಕೆರೆಯ ಕಡೆಯ ಬುಡಕ್ಕೆ ಕಲ್ಲಿನ ತಡೆ ಮತ್ತು ಮೇಲ್ಭಾಗದ ನೀರು ಒಳಗಿಳಿಯದಂತೆ ಸುತ್ತು ಕಾಲುವೆ ಮಾಡಿಸಿದರೆ ಸದ್ಯಕ್ಕೆ ಸಾಕು.

ಹಾಗಾಗಿ ಮುಂದಿನ ಸಭೆಯಲ್ಲಿ ಎರಡೂ ಕಂಪನಿಗಳನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿ. ಆ ತಿಂಗಳಲ್ಲಿ ಒಂದು ವಾರ ಕಸ ತೂಗಲಿ. ಅಂಕಿಗಳು ಸಿಕ್ಕ ಮೇಲೆ ನನಗೆ ಕಳುಹಿಸಿ, ಜಾಗದ ನಕ್ಷೆಯನ್ನೂ ಜೊತೆಗಿಡಿ. ಸಂತೆಯ ದಿನದ ತೂಕವನ್ನು ಮಾತ್ರ ಬೇರೆಯಾಗಿ ಬರೆಸಿರಿ.